ಇನ್ನರ್ಧ ನಿಮಿಷ

ನಾಲ್ಕು ಗಂಟೆಗೆ ಬಸ್ಸು. ಅಷ್ಟರೊಳಗೆ ನನ್ನ ತರಬೇತಿ ಪುಸ್ತಕಕ್ಕೆ ಮೇಡಂ ಸಹಿ ಬೀಳಬೇಕಿತ್ತು. ಬ್ಯಾಗು ಆಗಲೇ ಹೊರಗಿನ ಬೆಂಚಿನ ಮೇಲಿತ್ತು. ನಾನು ಬೆಂಚಿಗೂ ಮೇಡಂ ಟೇಬಲ್ಲಿಗೂ ನಡುವೆ ಓಡಾಡುತ್ತಿದ್ದೆ.

"ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ, ಗಡಿಬಿಡಿ ಡಾಕ್ಟ್ರೇ?" ಸಿಸ್ಟರ್ ಹತ್ತಿ ಹರಿಯುತ್ತಾ ಕೇಳಿದರು. "ನೆಲ ಸವೆದ್ರೆ ನನ್ನ ಕೇಳ್ತಾರೆ."

ಆ ಹೆಸರು ಇಟ್ಟಿದ್ದೂ ಅವರೇ, ನಾನು ಈ ಹಳ್ಳಿಯ ಆಸ್ಪತ್ರೆಗೆ ಬಂದ ಎರಡನೇ ದಿನ. ಮೂರು ಕೋಣೆ, ಒಂದು ಫ್ಯಾನು, ಒಬ್ಬರೇ ಡಾಕ್ಟರು, ಅವರೇ ಮೇಡಂ. ಆರು ವಾರ ಇಲ್ಲಿ ಕಲಿಯಬೇಕು ಎಂದು ಕಾಲೇಜಿನ ನಿಯಮ. ಮುಗಿಯಿತು. ನಾಳೆ ಬೆಳಿಗ್ಗೆ ಎಂಟಕ್ಕೆ ನಗರದ ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ವಿಭಾಗದಲ್ಲಿ ಹಾಜರಾಗದಿದ್ದರೆ ನನ್ನ ಜಾಗ ಪಟ್ಟಿಯಲ್ಲಿ ನನ್ನ ಕೆಳಗಿರುವವನಿಗೆ. ಬಸ್ಸು ದಿನಕ್ಕೆ ಒಂದೇ.

ಮೇಡಂ ರಿಜಿಸ್ಟರ್ ಓದುತ್ತಿದ್ದರು. ಅವರಿಗೊಂದು ಹಠ. ಕೆಮ್ಮೆಂದು ಬಂದ ಪ್ರತಿ ಮಗುವಿನ ಅಂಗಿ ಎತ್ತಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಮಗು ಅತ್ತರೆ, ಅಳು ನಿಲ್ಲುವ ತನಕ ಕಾಯಬೇಕು. "ಇಲ್ಲಿ ಎಕ್ಸ್-ರೇ ಇಲ್ಲ, ನಿನ್ನ ಕಣ್ಣಿದೆ" ಎಂದು ಮೊದಲ ದಿನವೇ ಹೇಳಿದ್ದರು.

ಅವರ ಬೆರಳು ನಿಂತಿತು.

"ಏನಮ್ಮ, ಬೆಸ ಸಂಖ್ಯೆ ಕಂಡ್ರೆ ನಿನಗೆ ಆಗಲ್ವಾ?"

ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಸಿಸ್ಟರ್ ಕೈಬರಹದಲ್ಲಿ ಮೂವತ್ತೇಳು, ನಲವತ್ತೊಂದು, ಐವತ್ತೆರಡು, ನಲವತ್ತೈದು. ನನ್ನ ಕೈಬರಹದಲ್ಲಿ ಮೂವತ್ತೆಂಟು, ನಲವತ್ತನಾಲ್ಕು, ಮೂವತ್ತಾರು, ನಲವತ್ತು. ಎರಡು ವಾರದಿಂದ ಹದಿನೆಂಟು ಮಕ್ಕಳು. ಎಲ್ಲರ ಉಸಿರೂ ಸಮಸಂಖ್ಯೆ.

ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುತ್ತಿದ್ದೆ. ಹೊರಗೆ ಸಾಲು ಬಾಗಿಲಿನ ತನಕ ಇರುತ್ತಿತ್ತು. ಪೂರ್ತಿ ನಿಮಿಷ ಸುಮ್ಮನೆ ಕೂರುವುದೆಂದರೆ ನನಗೆ ಮೈಯೆಲ್ಲ ಇರುವೆ ಹರಿದ ಹಾಗೆ. ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡಿದ್ದೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೆರಳು ಕೊನೆಯ ಸಾಲಿಗೆ ಬಂತು. ಈ ದಿನ ಬೆಳಿಗ್ಗೆ, ಹತ್ತು ತಿಂಗಳ ಹೆಣ್ಣುಮಗು, ನಲವತ್ತಾರು.

"ಈ ವಯಸ್ಸಿಗೆ ಗಡಿ ಎಷ್ಟು?"

"ಐವತ್ತು. ದಾಟಿದ್ರೆ ನ್ಯುಮೋನಿಯಾ ಅನುಮಾನ."

"ಏನು ಕೊಟ್ಟೆ?"

"ಜ್ವರದ ಸಿರಪ್. ಮನೆಗೆ ಕಳಿಸಿದೆ."

"ಕಫ ಶ್ವಾಸಕೋಶಕ್ಕೆ ಇಳಿದಿದ್ರೆ?"

"ಮೇಡಂ, ಎರಡೂ ಮುಕ್ಕಾಲು ಆಯ್ತು..." ನಿಜವಾಗಿಯೂ ಹಾಗಂದೆ. ಸಿಸ್ಟರ್ ಹತ್ತಿಯ ಕಡೆ ನೋಡಿದರು.

ಒಳಕೋಣೆಯಲ್ಲಿ ಹೆರಿಗೆಗೆ ಬಂದಿದ್ದ ಹೆಂಗಸು ಕೂಗಿದಳು. ಮೇಡಂ ಎದ್ದರು. "ನಾನು ಇವಳನ್ನ ಬಿಟ್ಟು ಬರೋ ಹಾಗಿಲ್ಲ. ನೀನೇ ಹೋಗಿ ಎಣಿಸ್ಕೊಂಡು ಬಾ. ಆಮೇಲೆ ಸಹಿ."

ಸಿಸ್ಟರ್ ತಮ್ಮ ಸ್ಕೂಟರ್ ಕೀ ಎಸೆದರು. "ಬ್ರೇಕು ಸ್ವಲ್ಪ ಹಿಂದೆಮುಂದೆ. ನಿಮ್ಮ ಹಾಗೆ ಅಲ್ಲ, ಅದು ನಿಧಾನ."

ಮಗುವಿನ ಮನೆ ಇಟ್ಟಿಗೆ ಗೂಡಿನ ಹಿಂದೆ, ತಗಡಿನ ಸಾಲುಮನೆಗಳಲ್ಲಿ. ವಿಚಾರಿಸಿ ಹುಡುಕುವಷ್ಟರಲ್ಲಿ ಮೂರೂ ಮೂವತ್ತೈದು. ಅಪ್ಪ ಅಮ್ಮ ಕೆಲಸದಲ್ಲಿದ್ದರು. ಹೊಸ್ತಿಲಲ್ಲಿ ಅಜ್ಜಿ, ಅವಳ ಮಡಿಲಲ್ಲಿ ಮಗು ನಿದ್ದೆಯಲ್ಲಿ.

"ಬೆಳಿಗ್ಗೆ ಏನೂ ಇಲ್ಲ ಅಂದ್ರಲ್ಲಮ್ಮ?"

"ಇನ್ನೊಂದ್ಸಲ ನೋಡ್ತೀನಿ ಅಜ್ಜಿ."

ಕುಕ್ಕರಗಾಲಲ್ಲಿ ಕೂತು ಅಂಗಿ ಎತ್ತಿದೆ. ಗಡಿಯಾರ ನೋಡಿದೆ. ಒಂದು, ಎರಡು, ಮೂರು. ನೊಣವೊಂದು ನನ್ನ ಮೊಣಕೈ ಮೇಲೆ ಕೂತಿತು. ಓಡಿಸಲಿಲ್ಲ. ಹನ್ನೆರಡು. ಈಗ ಹೊರಟರೂ ಇಪ್ಪತ್ತು ನಿಮಿಷ ಬೇಕು, ಹದಿನೇಳು, ಬ್ಯಾಗು ಬೆಂಚಿನ ಮೇಲೆ, ಹತ್ತೊಂಬತ್ತು.

ಅರ್ಧ ನಿಮಿಷಕ್ಕೆ ಇಪ್ಪತ್ತಮೂರು.

ಬೆಳಿಗ್ಗೆಯದೇ ಲೆಕ್ಕ. ನಲವತ್ತಾರು. ನಾನು ಗೆದ್ದೆ. ಮಂಡಿಗಳು ಅರ್ಧ ಎದ್ದೂ ಬಿಟ್ಟಿದ್ದವು.

"ಮುಗೀತಾ?" ಅಜ್ಜಿ ಕೇಳಿದಳು.

ಇಲ್ಲವೆಂದು ತಲೆಯಾಡಿಸಿದೆ. ಕಣ್ಣು ಮಾತ್ರ ಆ ಪುಟ್ಟ ಹೊಟ್ಟೆಯಿಂದ ತೆಗೆದಿರಲಿಲ್ಲ. ಇಪ್ಪತ್ತನಾಲ್ಕು. ಮಗು ಒಂದು ಕ್ಷಣ ಉಸಿರು ಹಿಡಿದ ಹಾಗೆ ಸುಮ್ಮನಾಯಿತು. ಆಮೇಲೆ ಏನೋ ನೆನಪಾದಂತೆ ಏದುಸಿರು ಬಿಡತೊಡಗಿತು. ಮೂವತ್ತು. ಮೂವತ್ತೆಂಟು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಅದನ್ನು ಬೆಳಿಗ್ಗೆ ನಾನು ಕಂಡೇ ಇರಲಿಲ್ಲ. ನಲವತ್ತೇಳು. ಐವತ್ತು ದಾಟಿತು.

ಐವತ್ತನಾಲ್ಕು.

ಗಡಿ ದಾಟಿದರೆ ಮತ್ತೊಮ್ಮೆ ಎಣಿಸಬೇಕು. ಅದೂ ಮೇಡಂ ನಿಯಮವೇ. ಎಣಿಸಿದೆ. ಐವತ್ತೈದು.

"ಬೆಳಿಗ್ಗೆ ನಾನು ಸರಿಯಾಗಿ ಎಣಿಸಿರಲಿಲ್ಲ ಅಜ್ಜಿ. ಅರ್ಧಕ್ಕೇ ಬಿಟ್ಟಿದ್ದೆ. ಈಗ ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಬೈಗುಳಕ್ಕೆ ಕಾದೆ.

"ಚಪ್ಪಲಿ ಹಾಕ್ಕೋತೀನಿ, ಇರು" ಎಂದಳು.

ಸ್ಕೂಟರಿನಲ್ಲಿ ಮಗು ನಮ್ಮಿಬ್ಬರ ನಡುವೆ. ಅದರ ಬಿಸಿಯುಸಿರು ನನ್ನ ಬೆನ್ನಿಗೆ ತಾಗುತ್ತಿತ್ತು. ಬೇಡವೆಂದರೂ ಎಣಿಸುತ್ತಿದ್ದೆ. ದಾರಿಯ ತಿರುವಿನಲ್ಲಿ ಬಸ್ಸು ಹಾರ್ನ್ ಮಾಡುತ್ತಾ ಎದುರಿಗೆ ಬಂತು. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಹೆರಿಗೆಯಾಗಿತ್ತು. ಮೇಡಂ ಒದ್ದೆ ಕೈ ಒರೆಸಿಕೊಂಡು ಬಂದು ತಾವೂ ಪೂರ್ತಿ ನಿಮಿಷ ಎಣಿಸಿದರು, ಎದೆಗೆ ಸ್ಟೆತಸ್ಕೋಪು ಇಟ್ಟರು. "ಇಳಿದಿದೆ. ಆದರೆ ಬೇಗ ಸಿಕ್ಕಿದೆ." ಚಮಚದ ನೀರಲ್ಲಿ ಮಾತ್ರೆ ಕರಗಿಸಿ ಮೊದಲ ಗುಟುಕನ್ನು ನನ್ನ ಕೈಯಿಂದಲೇ ಕುಡಿಸಿದರು.

"ಈ ಹುಡುಗಿ ಡಾಕ್ಟ್ರಾ?" ಅಜ್ಜಿ ಸಿಸ್ಟರನ್ನು ಕೇಳುತ್ತಿದ್ದಳು.

"ಆಗ್ತಾ ಇದ್ದಾರೆ."

ಮೇಡಂ ನನ್ನ ತರಬೇತಿ ಪುಸ್ತಕ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ನಾನು ಅದನ್ನು ನೋಡಿದೆ, ರಿಜಿಸ್ಟರನ್ನೂ ನೋಡಿದೆ. ನಾಳೆಯ ಎಂಟು ಗಂಟೆ ಹೇಗೂ ಕೈತಪ್ಪಿತ್ತು. ಸಹಿ ಹಾಕಿಸಿಕೊಂಡು ಇಲ್ಲಿ ಬೆಂಚಿನ ಮೇಲೆ ಕೂರಲು ನನ್ನಿಂದ ಆಗುತ್ತಿರಲಿಲ್ಲ.

"ಈಗಲೇ ಬೇಡ ಮೇಡಂ. ಇನ್ನೂ ಹದಿನೇಳು ಮಕ್ಕಳಿದ್ದಾರೆ."

ಅವರು ಮುಚ್ಚಳ ಹಾಕಿದರು. ಗೋಡೆಯ ಮೊಳೆಯಿಂದ ತಮ್ಮ ಟಾರ್ಚನ್ನು ತೆಗೆದು ನನ್ನ ಕಡೆ ಸರಿಸಿದರು.

"ಸ್ಕೂಟರ್ ಕೀ ಸಿಸ್ಟರ್?"

"ಇದ್ದ ಪೆಟ್ರೋಲನ್ನೆಲ್ಲ ನೀವೇ ಕುಡಿಸಿದ್ದೀರಿ ಅದಕ್ಕೆ. ನಡೀರಿ. ಮೊದಲ್ನೇ ಮನೆ ನೀರಿನ ಟ್ಯಾಂಕಿನ ಹಿಂದೆ. ನಾಯಿ ಇದೆ, ಓಡಬೇಡಿ."