ಎತ್ತು ಮನೆಗೆ ಬರುವ ನಡಿಗೆ

ಕರೆವ್ವ ತವರಿನಿಂದ ತಂದದ್ದೆಂದರೆ ಒಂದು ಹಿತ್ತಾಳೆ ಚಮಚ. ಅವಳನ್ನು ಒಂದು ಮಾತು ಕೇಳದೆ ಗಂಡ ಶಟ್ಟೆಪ್ಪ ಅದರ ಹಿಡಿಕೆ ಮುರಿದು, ಗಾಳ ಬೆಸೆಸಿ, ನೈಲಾನ್ ಹುರಿಗೆ ಕಟ್ಟಿದ. ದೋಣಿಯ ಹಿಂದೆ ಮೂವತ್ತು ಮಾರು ಹುರಿ ಬಿಟ್ಟು ಎಳೆದರೆ ಅದು ನೀರೊಳಗೆ ಮರಿಮೀನಿನಂತೆ ಹೊರಳಿ ಹೊಳೆಯುತ್ತಿತ್ತು. ಅದನ್ನು ನುಂಗಲು ದೊಡ್ಡ ಬಾಳೆಮೀನು ಬರಬೇಕು, ಅವನ ಲೆಕ್ಕ ಅಷ್ಟೇ.

ಆದರೆ ಚಮಚಕ್ಕೂ ಹಟವಿತ್ತು. ದೋಣಿ ಜೋರಾದರೆ ಮೇಲೆ ತೇಲಿ ಬರುತ್ತಿತ್ತು. ತೀರ ಮೆಲ್ಲಗಾದರೆ ತಳಕ್ಕಿಳಿದು ಮುಳುಗಿದ ಜಾಲಿಗಿಡಗಳಿಗೆ ಸಿಕ್ಕಿಬೀಳುತ್ತಿತ್ತು. “ಸಂಜೀಮುಂದ ಎತ್ತ ಮನೀಗಿ ಬರತಾವಲ್ಲ, ಆ ನಡಿಗಿ ಬೇಕು,” ಎನ್ನುತ್ತಿದ್ದ ಶಟ್ಟೆಪ್ಪ.

ನವಿಲುತೀರ್ಥದ ಒಡ್ಡಿನ ಹಿಂದೆ ನೀರು ನಿಂತು ಎರಡು ವರ್ಷವಾಗಿತ್ತು. ಅವರ ಊರು, ಊರಿನ ದ್ಯಾಮವ್ವನ ಗುಡಿಯ ಕಟ್ಟೆ, ಎಲ್ಲ ಆ ನೀರಿನ ಬುಡದಲ್ಲಿದ್ದವು. ಗುಡಿಯ ಕಲ್ಲುಗಳ ಸಂದಿಯಲ್ಲೇ ದೊಡ್ಡ ಮೀನುಗಳು ಮನೆ ಮಾಡಿದ್ದವು.

ಆ ನಡಿಗೆಗೆಂದು ಶಟ್ಟೆಪ್ಪ ಮೊದಲು ಇಂಜಿನ್ ಹಾಕಿ ನೋಡಿದ. ಸವದತ್ತಿಯಲ್ಲಿ ಪಂಪು ರಿಪೇರಿ ಮಾಡುವ ದಿಗಂಬರ ಎಂಬವನಿದ್ದ, ಪೂಜೆ ಪುನಸ್ಕಾರದ ಮನೆತನದವನು. ಅಪ್ಪ ಮಂತ್ರ ಹೇಳುವ ಹೊತ್ತಿಗೆ ಮಗ ಪಂಪುಗಳ ಎಣ್ಣೆ ಒರೆಸುತ್ತ ಕೂರುತ್ತಿದ್ದ. ಅವನು ದೋಣಿಗೆ ಒಂದು ಸೀಮೆಎಣ್ಣೆ ಇಂಜಿನ್ ಕೂರಿಸಿ ಕೊಟ್ಟ. ವೇಗ ಎಷ್ಟು ಇಳಿಸಿದರೂ ಅದು ಓಡಿತು. ತಡೆಯಲೆಂದು ಹಿಂದೆ ಗೋಣಿಚೀಲ ಕಟ್ಟಿದರು, ಬಕೆಟ್ ಕಟ್ಟಿದರು. ಆ ಸಪ್ಪಳಕ್ಕೆ ಮೀನಿರಲಿ, ಕಪ್ಪೆಯೂ ಉಳಿಯಲಿಲ್ಲ. “ಶಟ್ಟೆಪ್ಪ, ಇಂಜಿನ್ನಿಗೆ ಓಡೋದು ಗೊತ್ತದ, ನಿಲ್ಲೋದು ಗೊತ್ತದ. ಎತ್ತಿನಂಗ ನಡಿಯೋದು ಅದಕ್ಕ ಯಾರೂ ಕಲಿಸಿಲ್ಲ,” ಎಂದು ದಿಗಂಬರ ಇಂಜಿನ್ ಬಿಚ್ಚಿಕೊಂಡು ಹೋದ.

ಉಳಿದದ್ದು ಹುಟ್ಟು. ಹುಟ್ಟು ಹಾಕುವವನು ಕರೆವ್ವನ ಅಣ್ಣ ಪರಪ್ಪ. ಹೆಂಡತಿ ಸತ್ತ ಮೇಲೆ ತಂಗಿಯ ಮನೆ ಸೇರಿದವನು. ಊಟಕ್ಕೆ ಕುಂತರೆ ಆರು ಜೋಳದ ರೊಟ್ಟಿ ಲೀಲಾಜಾಲವಾಗಿ ಇಳಿಸುತ್ತಿದ್ದ, ಅಷ್ಟೇ ಲೀಲಾಜಾಲವಾಗಿ ದೋಣಿಯನ್ನೂ ಓಡಿಸುತ್ತಿದ್ದ. “ಸಾವಕಾಶ ಮಾಮಾ,” ಎಂದು ಶಟ್ಟೆಪ್ಪ ಬೈದರೆ ಹತ್ತು ಹುಟ್ಟು ನಿಧಾನ, ಹನ್ನೊಂದನೆಯದಕ್ಕೆ ಮತ್ತೆ ಅದೇ ರಭಸ. ತೋಳಿಗೆ ಬುದ್ಧಿ ಹೇಳಿದರೆ ಕೇಳೀತೆ?

ಶ್ರಾವಣ ಸೋಮವಾರ ಪರಪ್ಪನ ಉಪವಾಸವಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ತೋಳು ಸೋತು ದೋಣಿ ತಾನಾಗಿ ಎತ್ತಿನ ನಡಿಗೆಗೆ ಬಂತು. ಅಂದು ಕರೆವ್ವನ ಎದೆಮಟ್ಟದ ಬಾಳೆಮೀನು ಸಿಕ್ಕಿತು. ಮನೆಗೆ ಬಂದ ಶಟ್ಟೆಪ್ಪ ಮೀನನ್ನು ನೋಡಲಿಲ್ಲ, ಪರಪ್ಪನನ್ನು ನೋಡುತ್ತ ಕುಂತ.

ಮರುದಿನ ಬೆಳಿಗ್ಗೆ ಅವನು ಮಾತು ತೆಗೆದ.

“ಮಾಮಾ, ಊರ ಮುಳಗೂಮುಂದ ದ್ಯಾಮವ್ವನ್ನ ಹೊಸಾ ಊರಿಗೆ ತಲಿಮ್ಯಾಲೆ ಹೊತ್ತ ತಂದಾಂವ ನೀನ. ದಾರ್‍ಯಾಗ ದೀಪ ಆರಿತ್ತು, ಹೌದಲ್ಲ?”

ಪರಪ್ಪನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ದಾರಿಯಲ್ಲಿ ದೀಪ ಆರಿದರೆ ದೇವಿ ಜೊತೆಗೆ ಬರುವುದಿಲ್ಲ ಎನ್ನುತ್ತಾರೆ; ಆ ಸಂಕಟ ಎರಡು ವರ್ಷದಿಂದ ಅವನನ್ನು ತಿನ್ನುತ್ತಿತ್ತು.

“ಕಲ್ಲ ಅಷ್ಟ ಬಂತು, ತಾಯಿ ನೀರಾಗ ಉಳದಾಳ. ಆಕಿ ತಲಿಮ್ಯಾಲೆ ನಾವ ಉಂಡ ಹೊಟ್ಟೀಲೆ ದೋಣಿ ಹಾಯಸ್ತೇವಿ. ನಿನ್ನಿ ನೀ ಉಪಾಸ ಇದ್ದಿ, ಆಕಿ ಕೊಟ್ಟಳು. ದಿನಕ್ಕ ಒಂದ ರೊಟ್ಟಿ ಸಾಕ ಮಾಮಾ.”

ಪರಪ್ಪ ರೊಟ್ಟಿ ಕೆಳಗಿಟ್ಟು ಕಣ್ಣಿಗೆ ಕೈ ಒತ್ತಿಕೊಂಡ. ಶಟ್ಟೆಪ್ಪ ತನ್ನ ನಾಲ್ಕನೆಯ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಲ್ಲಿಂದ ದಿನಾ ಮೀನು ಬಂತು. ದಿನಾ ಪರಪ್ಪ ಒಣಗಿದ. ಕರೆವ್ವ ಸೆರಗಿನಲ್ಲಿ ರೊಟ್ಟಿ ಬಚ್ಚಿಟ್ಟುಕೊಂಡು ಹಿತ್ತಲಿಗೆ ಹೋಗಿ ಅಣ್ಣನಿಗೆ ಕೈಮುಗಿದಳು. “ಅಣ್ಣಾ, ಸುಳ್ಳದು. ದೇವೀ ಮಾತಲ್ಲ, ಇವರ ಮಾತು.”

“ಸುಳ್ಳಾದ್ರ ಮೀನ ಯಾಕ ಬರತೈತಿ ತಂಗಿ?” ಎಂದ ಪರಪ್ಪ. ರೊಟ್ಟಿಯನ್ನು ಅವಳ ಸೆರಗಿಗೇ ತಿರುಗಿ ಹಾಕಿದ. ಗಂಡನ ಮೇಲೆ ಅವಳಿಗೆ ಉರಿದ ಸಿಟ್ಟು ಒಲೆಗೆ ಹಾಕಿದ್ದರೆ ಒಂದು ವಾರದ ಅಡುಗೆಯಾಗುತ್ತಿತ್ತು.

ದೀಪಾವಳಿ ಹತ್ತಿರ ಬರುವಷ್ಟರಲ್ಲಿ ಪರಪ್ಪನ ನಡಿಗೆ ಎತ್ತಿನದೂ ಉಳಿಯಲಿಲ್ಲ. ದೋಣಿ ತೆವಳಿತು, ಚಮಚ ತಳಕ್ಕಿಳಿದು ಮೂರು ಸಲ ಜಾಲಿಗೆ ಸಿಕ್ಕಿತು. ಶಟ್ಟೆಪ್ಪ ಕರೆವ್ವನಿಗೆ ಹೇಳಿದ, “ಒಂದೂವರಿ ರೊಟ್ಟಿ ಕೊಡು. ಎರಡ ಬ್ಯಾಡ, ಜೋರ ಆಕ್ಕೈತಿ.” ದಿಗಂಬರ ಇಂಜಿನ್ನಿಗೆ ಎಣ್ಣೆ ಅಳೆಯುವಾಗ ಹೀಗೆಯೇ ಮಾತಾಡುತ್ತಿದ್ದ.

ಆದರೆ ಪರಪ್ಪ ಆ ಅರ್ಧವನ್ನು ಮುಟ್ಟಲಿಲ್ಲ. ದೇವಿ ಅಪ್ಪಣೆ ಕೊಟ್ಟಳೆಂದು ಶಟ್ಟೆಪ್ಪ ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಟ್ಟರೂ ಭಕ್ತ ತೆಗೆದುಕೊಳ್ಳಲಿಲ್ಲ.

“ನೀನ ದೋಣ್ಯಾಗ ಬಾ. ತಂಗಿ ಕೈಲೆ ಕೊಟ್ರ ತಿಂತಾನ,” ಎಂದ ಶಟ್ಟೆಪ್ಪ. ಕರೆವ್ವ ನಾಲ್ಕು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದಳು. ಹೇಗಾದರೂ ಇವತ್ತು ಉಣ್ಣಿಸಿಯೇ ತೀರುತ್ತೇನೆ ಎಂದುಕೊಂಡಿದ್ದಳು. ಅಣ್ಣನ ಎದುರು ಗಂಟು ಬಿಚ್ಚಿ ತುತ್ತು ಮುರಿದು ಹಿಡಿದಳು.

“ಗುಡಿ ದಾಟಲಿ ತಂಗಿ. ದಾಟಿದ ಮ್ಯಾಲೆ ನಿನ್ನ ಸಮಾಧಾನಕ್ಕ ಒಂದ ತುತ್ತ ತಿಂತೇನಿ,” ಎಂದ ಪರಪ್ಪ. ಮೂರು ತಿಂಗಳಲ್ಲಿ ಅವನು ಹೂಂ ಅಂದದ್ದು ಅದೇ ಮೊದಲು. ಅವಳು ತುತ್ತು ಹಿಡಿದೇ ಕುಂತಳು.

ಗುಡಿಯ ಮೇಲೆ ಬರುವಾಗ ಮೂಡಗಾಳಿ ಬೀಸಿತು. ಪರಪ್ಪನ ಕೈ ಹುಟ್ಟಿನ ಮೇಲೆ ನಿಂತಿತು. ತಲೆ ಮೆಲ್ಲಗೆ ಮುಂದೆ ಬಾಗಿ ತಂಗಿಯ ಹೆಗಲಿಗೆ ಒರಗಿತು. ಗಾಳಿ ದೋಣಿಯನ್ನು ತಾನೇ ತಳ್ಳಿತು; ಸರಿಯಾಗಿ ಎತ್ತು ಮನೆಗೆ ಬರುವ ನಡಿಗೆ. ಹಿಂದೆ ಹುರಿ ಜಗ್ಗಿತು.

“ಅಣ್ಣ ಹುಟ್ಟ ಬಿಟ್ಟಾನ್ರಿ,” ಎಂದಳು ಕರೆವ್ವ.

“ಬಿಡಲಿ. ಇದ ನೋಡ ನಡಿಗಿ,” ಎಂದ ಶಟ್ಟೆಪ್ಪ, ಬೆನ್ನು ತಿರುಗಿಸಿ ಹುರಿ ಎಳೆಯುತ್ತ.

“ಅಣ್ಣ ಉಸರ ಆಡವಲ್ಲ.”

ಅವನು ತಿರುಗಲಿಲ್ಲ. ಮೀನು ದೊಡ್ಡದಿತ್ತು, ದೋಣಿಗೆ ಎಳೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಕರೆವ್ವ ಅಣ್ಣನನ್ನು ತಬ್ಬಿಕೊಂಡಿದ್ದಳು. ತುತ್ತು ಅವಳ ಮುಷ್ಟಿಯಲ್ಲೇ ಹಿಟ್ಟಾಯಿತು. ಕಡೆಗೆ ಶಟ್ಟೆಪ್ಪ ತಿರುಗಿ ನೋಡಿದ. ಪರಪ್ಪನನ್ನು ಎತ್ತಿ ಮೀನಿನ ಪಕ್ಕ ಮಲಗಿಸಿ ಗೋಣಿಚೀಲ ಹೊದಿಸಿದ. ಆಮೇಲೆ ಚಮಚವನ್ನು ಅಭ್ಯಾಸದಂತೆ ಮತ್ತೆ ನೀರಿಗೆ ಬಿಟ್ಟ.

“ದಂಡೀಗಿ ಹೋಗೂಣು. ಹುಟ್ಟ ಹಾಕು.”

ಕರೆವ್ವ ಹುಟ್ಟು ಹಿಡಿದಳು. ಅಂಬಿಗರ ಮಗಳು, ಅಣ್ಣನನ್ನು ದಂಡೆಗೆ ಮುಟ್ಟಿಸಬೇಕೆಂದು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದಳು. ದೋಣಿ ನುಗ್ಗಿತು. ಹಿಂದೆ ಚಮಚ ನೀರಿನ ಮೇಲೆದ್ದು ಪಟಪಟ ಹೊಡೆದುಕೊಂಡಿತು.

ಶಟ್ಟೆಪ್ಪ ಚಮಚವನ್ನು ನೋಡಿದ. ಅವಳ ತೋಳನ್ನು ನೋಡಿದ.

“ಮುಂಜಾನಿ ಎಷ್ಟ ರೊಟ್ಟಿ ತಿಂದೀ?” ಎಂದು ಕೇಳಿದ.