ಎಡಗಡೆಯ ಸೀಟು

"ಬೆರಳು ಆಡಿಸಿ ನೋಡ್ರಿ," ಎಂದ ದೊಡ್ಡಬಸಪ್ಪ. ಕಾರಿನ ಎಡಬಾಗಿಲು ತೆರೆದು, ನೆಲಕ್ಕೆ ಮಂಡಿಯೂರಿ, ಸೀಟಿನ ಮುಂದಿನ ಕಾರ್ಪೆಟ್ಟನ್ನು ಎತ್ತಿ ಹಿಡಿದಿದ್ದ. "ತುಕ್ಕು ಅನ್ನೂದು ಸಾಸಿವಿ ಕಾಳಿನಷ್ಟು ಸಿಕ್ರೂ ನಾ ಈ ಗಾಡಿ ಮಾರೂದಿಲ್ಲ."

ನಜೀಬ ಬಗ್ಗಿ ಬೆರಳಾಡಿಸಿದ. ಬರಿ ತಗಡು, ಅದರ ಮೇಲೆ ಬೂದು ಬಣ್ಣ, ಒಂದು ಗುಳ್ಳೆಯೂ ಇರಲಿಲ್ಲ. ಕುಷ್ಟಗಿಯಲ್ಲಿ ಗ್ರಾನೈಟ್ ಅಂಗಡಿ ಇಟ್ಟಿದ್ದ ಅವನಿಗೆ ಕಲ್ಲಿನಲ್ಲಿ ಬಿರುಕು ಹುಡುಕಿ ರೂಢಿ. ಗಂಗಾವತಿಗೆ ಬಂದಿಳಿದಾಗಿನಿಂದ ಈ ಕಾರಿನಲ್ಲೂ ಅದನ್ನೇ ಹುಡುಕುತ್ತಿದ್ದ, ಸಿಗದೆ ಬೇಸತ್ತಿದ್ದ. ಅವನ ಹೆಂಡತಿ ಗುಲ್ಶನ ಮೆಟ್ಟಿಲ ಮೇಲೆ ನಿಂತು ಗಂಡನ ಸೋಲು ನೋಡಿ ದುಪಟ್ಟಾದ ಮರೆಯಲ್ಲಿ ನಗುತ್ತಿದ್ದಳು.

"ಮೊದಲ ಇಲ್ಲಿ ಕಂಬಳಿ ಹಂಗ ದಪ್ಪನ ಫೆಲ್ಟ್ ಇತ್ರಿ, ಕಂಪನೀದು," ದೊಡ್ಡಬಸಪ್ಪ ತಗಡನ್ನು ತಟ್ಟಿ ಹೇಳಿದ. "ನಾ ತಂದ ಮೊದಲನೇ ಮಳಿಗಾಲದಾಗ ಟಾಪಿನ ಸಂದ್ಯಾಗಿಂದ ನೀರಿಳದು ತೊಯ್ದು ಹಿಂಡಿ ಆಗಿತ್ತು. ಹಂಗ ಬಿಟ್ಟಿದ್ರ ತಗಡು ತಿಂದು ಹಾಕ್ತಿತ್ತು. ಕಿತ್ತಿ ಒಗದು, ತಿಕ್ಕಿ, ಬಣ್ಣ ಹೊಡದೆ. ಬಲಗಡಿ ಒಣಾ ಇತ್ತು, ಮುಟ್ಟಲಿಲ್ಲ."

"ಭಾಳ ಛಲೋ ಇಟ್ಟೀರಿ ಕಾಕಾ," ಎಂದ ನಜೀಬ. ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ.

ಎರಡು ಬಾಗಿಲು, ಎರಡೇ ಸೀಟು, ಮೇಲೆ ಮಡಚುವ ಕಪ್ಪು ಟಾಪು, ಮೈ ಹಣ್ಣು ಮೆಣಸಿನಕಾಯಿಯ ಕೆಂಪು. ಕಾರಟಗಿಯ ಅಕ್ಕಿ ಗಿರಣಿಯ ಸಾಹುಕಾರರ ಮಗ ಹೈದರಾಬಾದಿನಿಂದ ಶೋಕಿಗೆ ತಂದಿದ್ದ ಕಾರು ಇದು. ಊರಿನ ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆ ತರಚಿಕೊಂಡು, ಶೋಕಿ ಇಳಿದ ಮೇಲೆ ಗೋದಾಮಿನಲ್ಲಿ ತೌಡಿನ ಧೂಳು ಕುಡಿಯುತ್ತ ಬಿದ್ದಿತ್ತು. ನೀರಾವರಿ ಇಲಾಖೆಯ ಜೀಪು ಓಡಿಸುತ್ತಿದ್ದ ದೊಡ್ಡಬಸಪ್ಪ ಅದನ್ನು ಕಂಡವನೇ ಮರುಳಾದ. ಮನೆಗೆ ತಂದ ದಿನ ಓಣಿಗೆ ಓಣಿಯೇ ನಕ್ಕಿತ್ತು. ಎರಡು ಸೀಟಿನ ಗಾಡಿ ತಂದಾನ ಅಂದಮ್ಯಾಲೆ ಇವ ಮಕ್ಕಳ ಆಸೆ ಬಿಟ್ಟಾನ ಬಿಡು ಎಂದು ಅವನ ಅಣ್ಣಂದಿರು ಆಡಿಕೊಂಡರು. ಆಸೆ ನಿಜವಾಗಿಯೂ ಬಿಟ್ಟುಹೋಗಿತ್ತು. "ನಮ್ಮಿಬ್ಬರಿಗಷ್ಟ ಜಾಗಾ. ಮೂರನೇದವ್ರು ಬರೂದೂ ಬ್ಯಾಡ, ಬರಲಿಲ್ಲಂತ ಅಳೂದೂ ಬ್ಯಾಡ," ಎಂದು ಅವನು ಹೆಂಡತಿ ವಿರೂಪಾಕ್ಷಮ್ಮನಿಗೆ ಹೇಳಿದ್ದ. ಅವಳು ಮುಖ ತಿರುಗಿಸಿ ನಕ್ಕಿದ್ದಳು.

ಅಂದಿನಿಂದ ರವಿವಾರ ಬಂತೆಂದರೆ ಟಾಪು ಮಡಚಿ ಇಬ್ಬರೂ ಆನೆಗೊಂದಿಯ ಕಡೆಗೆ ಹೊರಡುತ್ತಿದ್ದರು. ಬಂಡೆಗುಡ್ಡಗಳ ನಡುವೆ, ಬಾಳೆ ತೋಟಗಳ ಮಗ್ಗುಲಲ್ಲಿ, ಹೊಳೆಯ ಗಾಳಿಗೆ ಅವಳ ಸೆರಗು ಹಾರುತ್ತಿತ್ತು. ದೊಡ್ಡಬಸಪ್ಪ ಹೆಂಡತಿಯನ್ನು ಮೆರೆಸುತ್ತಾನೆ ಎಂದು ಜನ ಚೇಷ್ಟೆ ಮಾಡುವಾಗ ಅವನಿಗೆ ಒಳಗೊಳಗೇ ಹಿಗ್ಗು.

ಹೋದ ವರ್ಷ ವಿರೂಪಾಕ್ಷಮ್ಮನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೇ ಹೋದವು. ಹುಬ್ಬಳ್ಳಿಯ ದೊಡ್ಡ ಡಾಕ್ಟರೂ ನೋಡಿ, ಇನ್ನು ಮುಂದೆ ಹೀಗೇ, ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದರು. ಒಮ್ಮೆ ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಲು ಹೋಗಿದ್ದ. ಆ ತಗ್ಗಿನ ಸೀಟಿಗೆ ಇಳಿಸಲಾಗದೆ ಇಬ್ಬರೂ ನೆಲಕ್ಕೆ ಕುಸಿದು, ನೆರೆಯವರು ಬಂದು ಎಬ್ಬಿಸಬೇಕಾಯಿತು. ಅಂದೇ ಮಾರುವ ಮನಸ್ಸು ಮಾಡಿದ. ಕಾರು ನಿಲ್ಲುವ ತಗಡಿನ ಶೆಡ್ಡಿಗೆ ಬೆಳಕು ಚೆನ್ನಾಗಿ ಬೀಳುತ್ತದೆ, ಓಣಿಯ ಜನ ಕಾಣುತ್ತಾರೆ, ಅಲ್ಲಿ ಅವಳ ಮಂಚ ಹಾಕಬಹುದು ಎಂದು ಲೆಕ್ಕ ಹಾಕಿದ್ದ.

ಅವಳಿಗೆ ಕೊಡದೆ ಹೋದದ್ದು ಬಹಳ ಇತ್ತು. ಮಗುವಿಲ್ಲ, ಮೈಮೇಲೆ ಬಂಗಾರವಿಲ್ಲ, ಈಗ ಬಾಯಲ್ಲಿ ಮಾತೂ ಇಲ್ಲ. ಆದರೆ ಈ ಕಾರಿನಲ್ಲಿ ತನ್ನ ಪಕ್ಕದಲ್ಲಿ ಅವಳು ಸುಖವಾಗಿ ಕೂತಿದ್ದಳು, ರಾಣಿಯ ಹಾಗೆ ಕೂತಿದ್ದಳು. ಅದೊಂದು ಅವನ ಪಾಲಿಗೆ ಉಳಿದಿತ್ತು. ಹಾಸಿಗೆಯಲ್ಲಿ ಅವಳ ಮಗ್ಗುಲು ಬದಲಿಸುವಾಗ, ಆ ಸತ್ತ ಕಾಲಿಗೆ ಎಣ್ಣೆ ತಿಕ್ಕುವಾಗ ಅದನ್ನೇ ನೆನೆಸಿಕೊಂಡು ದಿನ ದೂಡುತ್ತಿದ್ದ. ಕಾರು ಹೋದರೂ ಅದು ಎಲ್ಲಿಗೆ ಹೋದೀತು ಎಂಬ ಧೈರ್ಯದ ಮೇಲೆಯೇ ಇವತ್ತು ಮಾರಲು ನಿಂತಿದ್ದ.

"ನೀವೂ ಒಂದೀಟು ಕುಂತು ನೋಡ್ರಿ ತಂಗಿ," ಎಂದು ಗುಲ್ಶನಳನ್ನು ಕರೆದ. "ಚಪ್ಪಲಿ ಮಾತ್ರ ಹೊರಗ ಬಿಡ್ರಿ. ಈ ಸೀಟಿಗಿ ಚಪ್ಪಲಿ ಕಾಲಿಲೆ ಯಾರೂ ಹತ್ತಿಲ್ಲ."

"ಕಾಕೂನೂ?"

"ಆಕೀಗೇ ಮೊದಲ ಹೇಳಿದ್ದು." ದೊಡ್ಡಬಸಪ್ಪ ನಕ್ಕ. ಇದು ಅವನು ಎಲ್ಲರಿಗೂ ಹೇಳುತ್ತಿದ್ದ ಕತೆ. "ಏನ್ ಹೇಳ್ಲಿ, ಚಪ್ಪಲಿ ಬಿಟ್ಟು ಹತ್ತಾಕಿ, ಊರ ದಾಟೂದ್ರಾಗ ಎರಡೂ ಕಾಲ ಮ್ಯಾಲೆ ತಗೊಂಡು ಚಕ್ಕಳಮಕ್ಕಳ ಹಾಕಿಬಿಡಾಕಿ. ಜ್ವಾಳ ಹಸನ ಮಾಡಾಕ ಕುಂತಂಗ. ಕಾಲ ಇಳಸು, ಸೀಟು ಹೊಲಸಾಗತೈತಿ ಅಂತ ಬೈದ್ರ ಇಳಸ್ತಿದ್ಲು. ಸ್ವಲ್ಪ ಹೊತ್ತಿಗೆ ಮತ್ತ ಮ್ಯಾಲೆ. ಹಳ್ಳಿ ರೂಢಿ, ಎಂಥಾ ಗಾಡಿ ತಂದ್ರೂ ಹೋಗ್ಲಿಲ್ಲ."

ನಜೀಬ, ಗುಲ್ಶನ ಇಬ್ಬರೂ ನಕ್ಕರು. ಒಳಗೆ ಕಿಟಕಿಯ ಪಕ್ಕದ ಮಂಚದಲ್ಲಿ ವಿರೂಪಾಕ್ಷಮ್ಮ ಕಣ್ಣು ತೆರೆದೇ ಮಲಗಿದ್ದಳು.

"ನಾ ಆಮ್ಯಾಲೆ ಕುಂದ್ರತೀನ್ರಿ. ನೀವು ಓಡಿಸಿ ಬರ್ರಿ, ಅಲ್ಲೀತನಕ ಕಾಕೂನ ಹತ್ರ ಇರ್ತೀನಿ," ಎಂದು ಗುಲ್ಶನ ಒಳಗೆ ಹೋದಳು.

ನಜೀಬ ಸ್ಟೇರಿಂಗಿನ ಮುಂದೆ ಕೂತ. ದೊಡ್ಡಬಸಪ್ಪ ತನ್ನದೇ ಕಾಯಿದೆಯಂತೆ ಚಪ್ಪಲಿಯನ್ನು ಮೆಟ್ಟಿಲ ಹತ್ತಿರ ಬಿಟ್ಟು ಎಡಬಾಗಿಲಿಗೆ ಬಂದ. ಬಂದವನು ಒಂದು ಗಳಿಗೆ ನಿಂತ. ಇಷ್ಟು ವರ್ಷದಲ್ಲಿ ಈ ಕಡೆಯಿಂದ ಅವನು ಕಾರು ಹತ್ತಿರಲೇ ಇಲ್ಲ. ಸ್ಟೇರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟವನೇ ಅಲ್ಲ, ಹತ್ತುವ ಪ್ರಸಂಗ ಎಲ್ಲಿಂದ ಬರಬೇಕು.

ಹೇಮಗುಡ್ಡದ ರಸ್ತೆಗೆ ತಿರುಗಿಕೊಂಡರು. ಎಂಜಿನ್ನಿನ ದನಿ ಒಂದೇ ಸಮ. ಎರಡೂ ಬದಿಗೆ ಹಸಿರು ಭತ್ತ, ಕಾಲುವೆಯ ಏರಿಯ ಮೇಲೆ ಬಕಗಳು. ಬಾಗಿಲಿನ ಒಳಮೈಯಲ್ಲಿ ಕೈಯಿಡುವ ಜಾಗದಲ್ಲಿ ಸಣ್ಣ ಸಣ್ಣ ಗೀರುಗಳು ಕಂಡವು. ಬಳೆ ತಿಕ್ಕಿ ಆದದ್ದು. ಈ ಗೀರುಗಳನ್ನು ಅವನು ಹಿಂದೆ ಕಂಡಾಗ ಸಿಡುಕಿದ್ದ. ಈಗ ಅದರ ಮೇಲೆ ಕೈಯಿಟ್ಟುಕೊಂಡ. ಅವಳು ಕಂಡದ್ದು ಇದೇ ಭತ್ತ, ಇದೇ ಗಾಳಿ ಎಂದುಕೊಂಡು ಅವನಿಗೆ ಬಹಳ ದಿನದ ಮೇಲೆ ಸಮಾಧಾನ ಅನ್ನಿಸಿತು.

"ಪಿಕಪ್ ಅಂದ್ರ ಇದು ನೋಡ್ರಿ," ನಜೀಬ ಹುರುಪಿನಲ್ಲಿದ್ದ. ವೇಗ ಏರಿತು.

ಕಾಲುವೆಯ ಸೇತುವೆ ದಾಟಿದ ಮೇಲೆ ಪಾದಕ್ಕೆ ಬೆಚ್ಚಗೆ ತಾಗಿತು. ಬಿಸಿಲಿನ ಕಾವಿರಬೇಕು ಎಂದು ದೊಡ್ಡಬಸಪ್ಪ ಕಾಲು ಸರಿಸಿದ. ಸರಿಸಿದಲ್ಲಿಯೂ ಬಿಸಿ. ಇನ್ನಷ್ಟು ದೂರ ಹೋಗುವಷ್ಟರಲ್ಲಿ ಕಾರ್ಪೆಟ್ಟಿನ ಕೆಳಗಿನ ತಗಡು ಕಾದ ಹಂಚಿನಂತಾಯಿತು. ಸೈಲೆನ್ಸರಿನ ಪೈಪು ಎಡಗಡೆ ನೆಲದ ಅಡಿಗೇ ಹಾಯ್ದುಹೋಗಿರುವುದು ಅವನಿಗೆ ಗೊತ್ತಿತ್ತು, ಅದನ್ನು ಎಷ್ಟೋ ಸಲ ಒರೆಸಿದ್ದ. ಎಡಗಾಲನ್ನು ಬಾಗಿಲ ಕಡೆಗೆ ಒತ್ತಿದ. ಬಲಗಾಲಿಗೆ ಎಲ್ಲಿಯೂ ಜಾಗವಿರಲಿಲ್ಲ. ಮುಂದೆ ಏನು ಮಾಡಿದೆನೆಂಬುದು ಅವನಿಗೇ ತಿಳಿಯಲಿಲ್ಲ.

ನಜೀಬ ಪಕ್ಕಕ್ಕೆ ತಿರುಗಿ ನೋಡಿ ಗೊಳ್ಳನೆ ನಕ್ಕ. "ಕಾಕಾ, ನೀವೂ ಕಾಕೂನಂಗ ಕಾಲ ಮ್ಯಾಲೆ ತಗೊಂಡ್ರಲ್ಲ."

ದೊಡ್ಡಬಸಪ್ಪ ತನ್ನ ಕಾಲುಗಳನ್ನು ನೋಡಿಕೊಂಡ. ಎರಡೂ ಸೀಟಿನ ಮೇಲಿದ್ದವು.

ಒಮ್ಮೆ, ಮೊದಮೊದಲಿಗೆ, ಆನೆಗೊಂದಿಯಿಂದ ಬರುವಾಗ ಅವಳು ಹೇಳಿದ್ದಳು. "ಇಲ್ಲಿ ಕೆಳಗ ಭಾಳ ಸುಡತೈತ್ರಿ." ಅವನು ಗೇರು ಬದಲಿಸುತ್ತ, "ಬ್ಯಾಸಗಿ ಐತಿ, ಎಲ್ಲಾ ಕಡೆ ಸುಡತೈತಿ," ಎಂದಿದ್ದ. ಅವಳು ಮತ್ತೆ ಹೇಳಲಿಲ್ಲ. ಅವನು ಮತ್ತೆ ಕೇಳಲಿಲ್ಲ. ರವಿವಾರಗಳೆಲ್ಲ ಹಾಗೇ ಹೋದವು. ಇಳಸು ಎಂದಾಗ ಇಳಿಸಿದ್ದಳು, ತಾಳುವಷ್ಟು ತಾಳಿ ಮತ್ತೆ ಎತ್ತಿಕೊಂಡಿದ್ದಳು. ಅದನ್ನು ಅವನು ಓಣಿಯ ಕಟ್ಟೆಯ ಮೇಲೆ, ಮದುವೆ ಮನೆಗಳಲ್ಲಿ, ಅವಳೆದುರಿಗೇ ಹೇಳಿ ನಗಿಸಿದ್ದ. ಅವಳೂ ನಗುತ್ತಿದ್ದಳು.

ಅವನು ಕಾಲುಗಳನ್ನು ಕೆಳಗೆ ಇಳಿಸಿದ. ಬಿಸಿ ತಗಡಿನ ಮೇಲೆ ಪಾದಗಳನ್ನು ಊರಿ, ಹಲ್ಲು ಕಚ್ಚಿ ಕೂತ.

"ಸಾಕ್ರಿ, ತಿರುಗಿಸ್ರಿ," ಎಂದ. ಮನೆ ಮುಟ್ಟುವ ತನಕ ಕಾಲು ಎತ್ತಲಿಲ್ಲ.

ಇಳಿದಾಗ ಅಂಗಳದ ಕಲ್ಲು ತಣ್ಣಗಿತ್ತು. ಗುಲ್ಶನ ಹೊರಗೆ ಬಂದಳು. "ಕಾಕೂನ ತಲಿ ಬಾಚಿ ಹೆರಳು ಹಾಕೀನ್ರಿ. ಗಾಡಿ ಸಪ್ಪಳ ಕೇಳಿ ಕಿಡಕಿ ಕಡೆ ನೋಡಾಕತ್ತಾರ," ಎಂದಳು. ಗಂಡನ ಮುಖ ನೋಡಿದವಳಿಗೆ ವ್ಯಾಪಾರ ಕುದುರಿತೆಂದು ತಿಳಿಯಿತು.

"ತಂಗಿ," ದೊಡ್ಡಬಸಪ್ಪ ಎಡಬಾಗಿಲು ತೆರೆದು ಕೆಳಗೆ ಕೈ ತೋರಿಸಿದ. "ಈ ಕಡೆ ಕೆಳಗ ಸುಡತೈತಿ. ಭಾಳ ಸುಡತೈತಿ. ಆ ಫೆಲ್ಟ್ ತಗೀಬಾರದಿತ್ತು. ದೋಷ ಇಲ್ಲಂತ ಹೇಳಿದ್ದೆ, ಐತಿ. ನೀವು ವಿಚಾರ ಮಾಡ್ರಿ, ಬ್ಯಾಡಾದ್ರ ಬಿಡ್ರಿ."

ನಜೀಬ ಬಗ್ಗಿ ಕಾರ್ಪೆಟ್ಟಿನ ಮೇಲೆ ಅಂಗೈಯಿಟ್ಟು, ತಟ್ಟನೆ ತೆಗೆದ. ಆಮೇಲೆ ನಕ್ಕುಬಿಟ್ಟ.

"ಇದೇನ್ ದೊಡ್ಡದ್ರಿ ಕಾಕಾ. ಸೀಟ್ ಕವರ್ ಅಂಗಡ್ಯಾಗ ಒಂದ್ ತುಂಡು ಫೆಲ್ಟ್ ಕೊಯ್ದು ಹಾಕಿದ್ರ ಆತು. ಹೋಗೂ ದಾರ್ಯಾಗ ಇಲ್ಲೇ ಗಂಗಾವತ್ಯಾಗ ಹಾಕಿಸ್ತೀನಿ. ಚಾ ಕುಡಿಯೂದ್ರಾಗ ಮುಗಿಯೂ ಕೆಲಸ."

"ಹೌದು," ಎಂದ ದೊಡ್ಡಬಸಪ್ಪ. "ಅಷ್ಟ ಐತಿ."

ಮಾತುಕತೆ ಮುಗಿಯಿತು. ಸಹಿಗಳಾದವು. ಗುಲ್ಶನ ಚಪ್ಪಲಿ ಬಿಡಲು ಹೋದಾಗ ಅವನು ಬೇಡವೆಂದು ಕೈಯಾಡಿಸಿದ. "ಹಾಕ್ಕೊಂಡ ಕುಂದುರು ತಂಗಿ. ಹಾಕ್ಕೊಂಡ ಕುಂದುರು." ಅವಳು ಚಪ್ಪಲಿಕಾಲಿನಲ್ಲೇ ಹತ್ತಿ ಕೂತಳು. ಕೆಂಪು ಕಾರು ಓಣಿಯ ತಿರುವಿನಲ್ಲಿ ಒಮ್ಮೆ ಹಾರ್ನ್ ಹೊಡೆದು ಮರೆಯಾಯಿತು. ಶೆಡ್ಡಿನ ನೆಲದಲ್ಲಿ ಒಂದು ಹನಿ ಎಣ್ಣೆಯ ಕಲೆಯೂ ಇರಲಿಲ್ಲ, ಅಷ್ಟು ಚೊಕ್ಕವಾಗಿ ಇಟ್ಟಿದ್ದ. ಅಲ್ಲಿ ಮಂಚ ಹಾಕುವ ಅಳತೆ ತೆಗೆದುಕೊಳ್ಳಬೇಕಿತ್ತು. ಅವನು ಆ ಕಡೆ ನೋಡದೆ ಒಳಗೆ ಹೋದ.

ವಿರೂಪಾಕ್ಷಮ್ಮ ಹೊಸ ಹೆರಳಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಮಂಚದ ಕಾಲ್ದೆಸೆಗೆ ಕೂತು ಹೊದಿಕೆ ಸರಿಸಿದ. ಬಲಪಾದದ ಒಳಮಗ್ಗುಲಿಗೆ, ಹಿಮ್ಮಡಿಯಿಂದ ಮೇಲಕ್ಕೆ, ಬಲೆ ಹರಡಿದ ಹಾಗೆ ಕಂದು ಕಲೆ. ದಿನಾ ಅದರ ಮೇಲೆಯೇ ಎಣ್ಣೆ ತಿಕ್ಕುತ್ತಿದ್ದ. ಹುಬ್ಬಳ್ಳಿಯಲ್ಲಿ ನರ್ಸು ಇದೇನೆಂದು ಕೇಳಿದಾಗ, ಒಲೆಯ ಮುಂದೆ ಕೂತು ಕೂತು ಆದದ್ದು ಎಂದು ಹೇಳಿದವನೂ ಅವನೇ.

ಕಲೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದ. ಪಾದ ಅಲುಗಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದ, ಚಿವುಟಿದ. ಆ ಕಾಲಿಗೆ ಇನ್ನು ಯಾವ ಬಿಸಿಯೂ ತಾಗುವುದಿಲ್ಲ ಎಂಬುದು ಗೊತ್ತಿದ್ದೂ ಚಿವುಟಿದ. ಅವನ ಕಣ್ಣೀರು ತಡೆಯದೆ ಇಳಿಯಿತು.

"ಮತ್ತೊಮ್ಮೆ ಹೇಳಬಾರದಿತ್ತೇನ," ಎಂದ.

ಅವಳು ಕಿಟಕಿಯಿಂದ ಮುಖ ತಿರುಗಿಸಿ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, ಉಳಿದಿದ್ದ ಎಡಗೈಯಿಂದ ಹೊದಿಕೆಯ ಅಂಚನ್ನು ಹಿಡಿದು, ಸ್ವಲ್ಪ ಸ್ವಲ್ಪವೇ ಕೆಳಕ್ಕೆ ತಳ್ಳುತ್ತ, ಆ ಪಾದವನ್ನು ಮುಚ್ಚತೊಡಗಿದಳು.