ಎಡಗಡೆಯ ಟ್ವೀಟರ್

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಎಡಗಡೆಯ ಸ್ಪೀಕರ್ ಪೆಟ್ಟಿಗೆಯ ಟ್ವೀಟರಿನ ತಂತಿ ತುಂಡಾಯಿತು. ಅಂದು 2003ರ ಮಾರ್ಚ್ 16, ಭಾನುವಾರ. ತಂತಿ ತಲೆಗೂದಲಿಗಿಂತ ತೆಳುವಾಗಿದ್ದುದರಿಂದ ತುಂಡಾದದ್ದು ಶಿವಯ್ಯನವರ ಕಣ್ಣಿಗೆ ಬೀಳಲಿಲ್ಲ. ಮೀಟರಿನ ಎರಡು ಕಡ್ಡಿಗಳನ್ನು ಟ್ವೀಟರಿಗೆ ಮುಟ್ಟಿಸಿದರು. ಮುಳ್ಳು ಅಲುಗಲಿಲ್ಲ. ಇನ್ನೊಮ್ಮೆ ಮುಟ್ಟಿಸಿದರು. ಆಮೇಲೆ ಮೀಟರನ್ನು ಪಕ್ಕಕ್ಕಿಟ್ಟು ಕನ್ನಡಕ ಒರೆಸಿಕೊಂಡರು.

ಶಿವಯ್ಯನವರಿಗೆ ಆಗ ಐವತ್ತೆಂಟು ವರ್ಷ. ಕಳಸದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಅವರ ರೇಡಿಯೊ, ಟಿ.ವಿ. ರಿಪೇರಿ ಅಂಗಡಿ. ವಿಶ್ವಕಪ್ ನಡೆಯುತ್ತಿದ್ದುದರಿಂದ ಏಳು ಟಿ.ವಿ.ಗಳು ಸಾಲಾಗಿ ಕಾಯುತ್ತಿದ್ದವು. ಭಾನುವಾರ ಅವರು ಟಿ.ವಿ. ಮುಟ್ಟುತ್ತಿರಲಿಲ್ಲ. ಡಿಸೆಂಬರಿನಿಂದ ಈಚೆಗೆ ಅವರ ಎಲ್ಲ ಭಾನುವಾರಗಳೂ ಎರಡು ಸ್ಪೀಕರ್ ಪೆಟ್ಟಿಗೆಗಳಿಗೆ ಹೋಗಿದ್ದವು.

ಪೆಟ್ಟಿಗೆಗಳು ಇಂಗ್ಲೆಂಡಿನಲ್ಲಿ ತಯಾರಾದವು. ತೇಗದ ಬಣ್ಣ, ಮೊಣಕಾಲೆತ್ತರ. ಪ್ರತಿಯೊಂದರಲ್ಲೂ ಕೆಳಗೆ ತಟ್ಟೆಯಗಲದ ದೊಡ್ಡ ಸ್ಪೀಕರ್, ಮೇಲೆ ಸಣ್ಣ, ಕೀರಲು ಸದ್ದುಗಳನ್ನು ಹೇಳುವ ಟ್ವೀಟರ್. ಶಿವಯ್ಯ ಇವನ್ನು ಮೊದಲು ಕೇಳಿದ್ದು 1969ರಲ್ಲಿ. ಸಂಸೆಯ ಒಂದು ತೋಟದಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ ಅವರನ್ನು ತೋಟದ ಲೆಕ್ಕ ಬರೆಯುವ ರೈಟರು ಬಂಗಲೆಗೆ ವೈರು ಸರಿಮಾಡಲು ಕಳಿಸಿದ್ದರು. ಒಳಗೆ ದೇವರನಾಮದ ಒಂದು ರೆಕಾರ್ಡು ತಿರುಗುತ್ತಿತ್ತು. ಹಾಡುವವರು ಸಾಲಿಗೆ ಮುಂಚೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಕೈತಾಳ ತಟ್ಟಿದ ಮೇಲೆ ಅದರ ಸದ್ದು ಎಳೆಯಾಗಿ ಉಳಿದು, ಮುಂದಿನ ತಟ್ಟಿನವರೆಗೂ ಗಾಳಿಯಲ್ಲಿ ನಿಂತಿತ್ತು. ವೈರು ಸರಿಮಾಡುವುದು ಐದು ನಿಮಿಷದ ಕೆಲಸ. ಅವರು ಅರ್ಧ ಗಂಟೆ ಮಾಡಿದರು.

ಮರುವರ್ಷ ಅವರು ಮೂಡಿಗೆರೆಯ ಕಾಫಿ ಮಿಲ್ಲು ಸೇರಿದರು. ಒಣಗಿದ ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರದ ಪಕ್ಕದಲ್ಲಿ ಇಪ್ಪತ್ತೊಂದು ವರ್ಷ ಕೆಲಸ. 1991ರಲ್ಲಿ ಕಳಸಕ್ಕೆ ಬಂದು ಅಂಗಡಿ ಹಾಕಿದರು. ಆ ತಾಳದ ಸದ್ದನ್ನು ಇನ್ನೊಮ್ಮೆ ಕೇಳಬೇಕು ಎಂದು ಹೆಂಡತಿ ರುದ್ರಾಣಿಯವರ ಹತ್ತಿರ ಆಗೀಗ ಹೇಳುತ್ತಿದ್ದರು. ಬೇರೆ ಆಸೆಗಳನ್ನು ಅವರು ಹೇಳಿದ್ದು ಕಡಿಮೆ.

ಪೆಟ್ಟಿಗೆಗಳು ಸಿಕ್ಕಿದ್ದು ಆಕಸ್ಮಿಕ. 2002ರ ಡಿಸೆಂಬರಿನಲ್ಲಿ ಅದೇ ಬಂಗಲೆಗೆ ಟಿ.ವಿ. ನೋಡಲು ಹೋಗಿದ್ದರು. ತೋಟ ಈಗ ಹಳೆಯ ಮಾಲೀಕರ ಮಗ ರಂಗನಾಥ ಗೌಡರದು. ಪೆಟ್ಟಿಗೆಗಳು ಏಲಕ್ಕಿ ಒಣಗಿಸುವ ಕೋಣೆಯಲ್ಲಿದ್ದವು.

“ಇಲ್ಲಿ ಯಾಕೆ ಇಟ್ಟಿದೀರಿ ಗೌಡ್ರೆ?”

“ಮಳೆಗಾಲದಲ್ಲಿ ಬೂಷ್ಟು ಹಿಡೀತಿತ್ತು ಮಾರಾಯ. ಇಲ್ಲಿ ಬೆಚ್ಚಗಿರುತ್ತೆ ಅಂತ ಇಟ್ಟೆ. ಆಮೇಲೆ ಸ್ಪೀಕರಿನ ಅಂಚು ಹರೀತು. ಮೂಡಿಗೆರೇಲಿ ಪಂಪ್‌ಸೆಟ್ ಮೋಟಾರು ಸುತ್ತೋನ ಹತ್ರ ಕೊಟ್ಟು ಸೈಕಲ್ ಟ್ಯೂಬಿನ ರಬ್ಬರ್ ಹಾಕಿಸ್ದೆ. ಅವನು ಮೋಟಾರಿಗೆ ಹೊಡೆಯೋ ವಾರ್ನಿಷ್ ಸ್ವಲ್ಪ ಕೊಟ್ಟ. ಕಾಗದಕ್ಕೆ ನಾನೇ ಹೊಡೆದೆ, ಎರಡು ಕೋಟು.”

“ಸ್ಪೀಕರಿನ ಕಾಗದಕ್ಕಾ?”

“ಹೌದು. ಅಲ್ಲಿಂದ ಈಚೆಗೆ ಒಂದು ಚುಕ್ಕಿ ಬೂಷ್ಟಿಲ್ಲ, ನೋಡು ಬೇಕಾದ್ರೆ.”

“ಸದ್ದು?”

“ಸದ್ದೂ ಇಲ್ಲ,” ಎಂದರು ಗೌಡರು. “ನಿನಗೆ ಬೇಕಾ? ತಗೊಂಡು ಹೋಗು. ಆ ಪ್ಲೇಯರ್ರು, ರೆಕಾರ್ಡು ಎಲ್ಲ ತಗೊಂಡು ಹೋಗು. ಏಲಕ್ಕಿಗೆ ಜಾಗ ಆಗುತ್ತೆ.”

ರೆಕಾರ್ಡುಗಳಲ್ಲಿ ಆ ದೇವರನಾಮದ್ದೂ ಇತ್ತು. ಲೇಬಲ್ಲು ತೇವಕ್ಕೆ ಎದ್ದುಹೋಗಿದ್ದರಿಂದ ಹಾಡಿದವರ ಹೆಸರು ತಿಳಿಯಲಿಲ್ಲ. ಸಂಸೆಯಿಂದ ಜೀಪಿನಲ್ಲಿ ಬರುವಾಗ ಶಿವಯ್ಯ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಗೌಡರ ರಿಪೇರಿಯನ್ನು ಬಿಚ್ಚಲು ಮೂರು ಭಾನುವಾರ ಬೇಕಾಯಿತು. ವಾರ್ನಿಷ್ ಕುಡಿದ ಕಾಗದ ಹಪ್ಪಳದಂತೆ ಗಟ್ಟಿಯಾಗಿತ್ತು. ತಟ್ಟಿದರೆ ಬಾಗಿಲು ತಟ್ಟಿದ ಸದ್ದು. ಏಲಕ್ಕಿ ಕೋಣೆಯ ಬಿಸಿಗೆ ಅಂಟು ಕರಗಿ, ಒಳಗಿನ ತಂತಿಸುರುಳಿ, ಕಾಯಿಲ್, ಒಂದು ಬದಿಗೆ ವಾಲಿತ್ತು. ಶಿವಯ್ಯ ಬೆಂಗಳೂರಿನಿಂದ ಹೊಸ ಕಾಗದದ ಕೋನ್ ತರಿಸಿದರು. ಕಾಯಿಲನ್ನು ನಟ್ಟನಡುವೆ ಕೂರಿಸಲು ಡಾಕ್ಟರ ಹತ್ತಿರ ಹಳೆಯ ಎಕ್ಸ್‌-ರೇ ಫಿಲ್ಮು ಕೇಳಿ ತಂದು, ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಸುತ್ತ ಸಿಕ್ಕಿಸಿದರು. ಅದು ಯಾರದೋ ಮೊಣಕೈ. ಅಂಟು ಒಣಗಿದ ಮೇಲೆ ಪಟ್ಟಿಗಳನ್ನು ಒಂದೊಂದಾಗಿ ಎಳೆದು ತೆಗೆದರು. ಕೋನ್ ಬೆರಳಿಗೆ ಮೆತ್ತಗೆ ಒಳಹೋಗಿ ಹೊರಬಂತು, ಎಲ್ಲೂ ತಾಗಲಿಲ್ಲ.

ಫೆಬ್ರವರಿ ಎರಡನೇ ಭಾನುವಾರ ರೆಕಾರ್ಡು ಹಾಕಿದರು. ತಂಬೂರಿಯ ಕೆಳಸ್ವರ ಮೇಜು ಕಂಪಿಸುವಷ್ಟು ತುಂಬಿಕೊಂಡು ಬಂತು. ಹಾಡಿನ ದನಿಯೂ ಬಂತು. ಉಸಿರು ಬರಲಿಲ್ಲ. ತಾಳ ‘ಟಕ್’ ಎಂದಿತು, ಮರದ ತುಂಡಿಗೆ ಮರದ ತುಂಡು ತಟ್ಟಿದ ಹಾಗೆ. ಅಷ್ಟಕ್ಕೇ ನಿಂತಿತು.

ಟ್ವೀಟರುಗಳಿಗೆ ಹೋಗುವ ದಾರಿಯಲ್ಲಿದ್ದ ಹಳೆಯ ಕೆಪಾಸಿಟರುಗಳನ್ನು ಬದಲಾಯಿಸಿದರು. ಟಕ್. ವೈರು ಬದಲಾಯಿಸಿದರು. ಟಕ್. ಪ್ಲೇಯರಿನ ಮುಳ್ಳು ಬದಲಾಯಿಸಿದರು. ಮೀಟರಿನಲ್ಲಿ ಎಡದ ಟ್ವೀಟರ್ ಆರು ಓಮ್ ತೋರಿಸಿತು, ಬಲದ್ದೂ ಆರು. ಎರಡೂ ಸರಿಯಾಗಿವೆ ಎಂದು ಅದರ ಅರ್ಥ. ಎರಡು ಬೇರೆ ಬೇರೆ ಸಾಮಾನು ಒಂದೇ ದಿನ ಒಂದೇ ರೀತಿ ಕೆಟ್ಟಿದ್ದರೆ ತಪ್ಪು ಮೂರನೆಯ ಕಡೆ ಇರುತ್ತದೆ ಎಂಬುದು ಶಿವಯ್ಯನವರು ಗಿರಾಕಿಗಳಿಗೆ ಹೇಳುತ್ತಿದ್ದ ಮಾತೇ. ಆ ಸಲ ಅವರು ಮೀಟರಿಗಿಂತ ಕಿವಿಯನ್ನು ನಂಬಿದರು. ಮಿಲ್ಲಿನಲ್ಲಿ ಹಲ್ಲರಿನ ಬೆಲ್ಟು ಜಾರುವ ಮೊದಲೇ ಸದ್ದಿನಿಂದ ಹೇಳುತ್ತಿದ್ದ ಕಿವಿ ಅದು. ಇಪ್ಪತ್ತೊಂದು ವರ್ಷದಲ್ಲಿ ಒಂದು ಬೆಲ್ಟೂ ಅವರ ಪಾಳಿಯಲ್ಲಿ ಹರಿದಿರಲಿಲ್ಲ.

ಮಾರ್ಚ್ 16ರಂದು ಟಾರ್ಚು ಹಾಕಿ ನೋಡುವಾಗ ಎಡಗಡೆಯ ಟ್ವೀಟರಿನ ಅಂಚಿನಲ್ಲಿ ಒಂದು ಹನಿ ವಾರ್ನಿಷ್ ಕಾಣಿಸಿತು. ಸಾಸಿವೆ ಕಾಳಿನಷ್ಟು. ಗೌಡರ ಬ್ರಷ್ಷಿನಿಂದ ಸಿಡಿದದ್ದು. ಅದು ಒಳಗೂ ಇಳಿದಿರಬೇಕು, ಕಾಯಿಲನ್ನು ಹಿಡಿದಿರಬೇಕು ಎಂದು ಶಿವಯ್ಯ ತೀರ್ಮಾನಿಸಿದರು. ಬಲಗಡೆಯದರಲ್ಲಿ ಹನಿ ಇರಲಿಲ್ಲ. ಗೌಡರು ಒರೆಸಿರಬಹುದು ಎಂದುಕೊಂಡರು.

ಆ ಟ್ವೀಟರ್ ಬಿಚ್ಚಲು ಮಾಡಿದ್ದಲ್ಲ. ಕಾರ್ಖಾನೆಯಲ್ಲೇ ಅಂಟು ಹಾಕಿ ಮುಚ್ಚಿದ್ದು. ಬ್ಲೇಡಿನಿಂದ ಅಂಟನ್ನು ಸುತ್ತಲೂ ಕೊಯ್ಯಲು ಒಂದು ಗಂಟೆ ಹಿಡಿಯಿತು. ಮುಚ್ಚಳ ಎತ್ತಿದರು. ಒಳಗೆ ವಾರ್ನಿಷ್ ಇರಲಿಲ್ಲ. ಮುಚ್ಚಳದ ಜೊತೆಗೆ ತಂತಿಯೂ ಎದ್ದುಬಂದಿತ್ತು.

ಕನ್ನಡಕ ಒರೆಸಿಕೊಂಡ ಮೇಲೆ ಬಲಗಡೆಯ ಪೆಟ್ಟಿಗೆಯನ್ನು ಎಳೆದುಕೊಂಡರು. ಯಾವುದನ್ನೂ ಬಿಚ್ಚುವ ಮೊದಲು ಒಮ್ಮೆ ನುಡಿಸಿ ನೋಡುವುದು ಅವರ ಅಭ್ಯಾಸ. ರೆಕಾರ್ಡು ಹಾಕಿದರು. ಟಕ್, ಟಕ್. ಬ್ಲೇಡ್ ಕೈಗೆ ತೆಗೆದುಕೊಂಡಾಗ ರುದ್ರಾಣಿ ಕಾಫಿ ತಂದರು.

“ಅದನ್ನ್ಯಾಕೆ ಕೊಯ್ತೀರಿ? ಚೆನ್ನಾಗೇ ಹೇಳ್ತಾ ಇದೆಯಲ್ಲ.”

“ಏನು ಹೇಳ್ತಾ ಇದೆ? ತಾಳ ಣಿಂಗ್ ಅನ್ನಬೇಕು. ಟಕ್ ಅಂತಿದೆ.”

“ಣಿಂಗ್ ಅಂತಾನೇ ಇದೆ.”

“ನಿಂಗೆ ಗೊತ್ತಾಗಲ್ಲ, ಸುಮ್ನಿರು ಮಾರಾಯ್ತಿ.”

“ಒಂದು ತಿಂಗಳಿಂದ ಅಡುಗೆಮನೇಲಿ ಅದೇ ಣಿಂಗ್ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಗೊತ್ತಾಗಲ್ವಂತೆ.”

ಶಿವಯ್ಯ ಬ್ಲೇಡ್ ಕೆಳಗಿಟ್ಟರು. ಹೆಂಡತಿಯನ್ನು ಸ್ಟೂಲಿನ ಮೇಲೆ ಪೆಟ್ಟಿಗೆಯ ಎದುರಿಗೆ ಕೂರಿಸಿ ಕಣ್ಣು ಮುಚ್ಚಲು ಹೇಳಿದರು. ತಾವು ಪೆಟ್ಟಿಗೆಯ ಹಿಂದೆ ಕೂತು, ಟ್ವೀಟರಿಗೆ ಹೋಗುವ ಒಂದು ವೈರನ್ನು ಬಿಡಿಸಿದರು.

“ಈಗ?”

“ಈಗಿಲ್ಲ. ಕಂಬಳಿ ಹೊದಿಸಿದ ಹಾಗಿದೆ.”

ವೈರು ತಾಗಿಸಿದರು. “ಈಗ?”

“ಬಂತು.”

ಸುಮ್ಮನೆ ಕೈ ಆಡಿಸಿ, ವೈರನ್ನು ಹಾಗೇ ಬಿಟ್ಟರು. “ಈಗ?”

“ಇದೆ. ಏನೂ ಮಾಡ್ಲಿಲ್ಲ ನೀವು.”

ಹತ್ತು ಸಲ ಮಾಡಿದರು. ಮೇಜಿನ ಮೇಲೆ ಸೀಮೆಸುಣ್ಣದಿಂದ ಒಂದೊಂದು ಗೆರೆ ಎಳೆದರು. ಹತ್ತು ಸಲವೂ ರುದ್ರಾಣಿ ಹೇಳಿದ್ದು ಸರಿಯಾಗಿತ್ತು. ಹತ್ತು ಸಲವೂ ಶಿವಯ್ಯನವರಿಗೆ ಕೇಳಿಸಿದ್ದು ಒಂದೇ, ಟಕ್.

“ಕಣ್ಣು ಬಿಡ್ಲಾ?” ಎಂದರು ರುದ್ರಾಣಿ.

ಕೇಳುತ್ತಲೇ ಕಣ್ಣು ಬಿಟ್ಟರು. ಗಂಡ ರೆಕಾರ್ಡು ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಿದ್ದರು. ಕಿಟಕಿಯ ಗಾಜಿಗೆ ಪತ್ರಿಕೆಯ ಒಂದು ತುಂಡು ಅಂಟಿಸಿತ್ತು. 2001ರ ಮಾರ್ಚಿನಲ್ಲಿ ವಾಚಕರ ವಿಭಾಗದಲ್ಲಿ ಬಂದ ಪತ್ರ: ಕಳಸ ಸುತ್ತಮುತ್ತ ಈ ವರ್ಷ ಜೀರುಂಡೆಗಳ ಸದ್ದೇ ಇಲ್ಲ, ತೋಟಗಳಿಗೆ ಹೊಡೆಯುವ ಔಷಧಿಯೇ ಇದಕ್ಕೆ ಕಾರಣ, ಸಂಬಂಧಪಟ್ಟವರು ಗಮನ ಹರಿಸಬೇಕು. ಕೆಳಗೆ ಅವರ ಹೆಸರು, ಊರು. ಪತ್ರಿಕೆಯಲ್ಲಿ ಅವರ ಹೆಸರು ಬಂದದ್ದು ಅದೊಂದೇ ಸಲ. ಅಂಗಡಿಗೆ ಬಂದ ಬಹಳ ಜನ ಅದನ್ನು ಓದಿ ಹೌದು ಹೌದು ಎಂದಿದ್ದರು.

“ರುದ್ರಾಣಿ, ಜೀರುಂಡೆ ಕೂಗ್ತಾ ಇದೆಯಾ?”

“ಯಾವಾಗ?”

“ಈಗ.”

ರುದ್ರಾಣಿ ಸ್ಟೂಲಿನಿಂದ ಎದ್ದರು. “ಮಧ್ಯಾಹ್ನದಿಂದ ಕಿವಿ ಹರಿದು ಹೋಗೋ ಹಾಗೆ ಕೂಗ್ತಿವೆ,” ಎಂದರು.

“ಹೋದ ವರ್ಷ?”

“ಹೋದ ವರ್ಷಾನೂ ಕೂಗಿದ್ವು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ. ಅಲ್ಲೊಂದು ಇಲ್ಲೊಂದು ಉಳಿದಿರಬಹುದು, ಮೊದಲಿನ ಹಾಗಿಲ್ಲ ಅಂದ್ರಿ. ಪೇಪರಿನಲ್ಲಿ ಬೇರೆ ಬಂದಿತ್ತು. ನಾನೇನು ಹೇಳ್ಲಿ?”

ಕಾಫಿ ಆರಿಹೋಗಿತ್ತು. ರುದ್ರಾಣಿ ಲೋಟ ತೆಗೆದುಕೊಂಡು ಬಿಸಿ ಮಾಡಲು ಒಳಗೆ ಹೋದರು. ಶಿವಯ್ಯ ಎಡಗಡೆಯ ಟ್ವೀಟರಿನ ತುಂಡುಗಳನ್ನು ಬೀಡಿ ಡಬ್ಬಿಯಲ್ಲಿ ತುಂಬಿ ಮುಚ್ಚಿದರು. ಅಷ್ಟು ತೆಳುವಾದ ತಂತಿಯನ್ನು ಮತ್ತೆ ಸುತ್ತುವವರು ಅವರಿಗೆ ತಿಳಿದ ಹಾಗೆ ಯಾರೂ ಇರಲಿಲ್ಲ. ಆ ಕಂಪನಿ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು.

ಮಂಗಳವಾರ ರಂಗನಾಥ ಗೌಡರು ಹೊರನಾಡಿಗೆ ಹೋಗುತ್ತಾ ಅಂಗಡಿಯ ಮುಂದೆ ಜೀಪು ನಿಲ್ಲಿಸಿದರು. ಪೆಟ್ಟಿಗೆ ನೋಡಬೇಕು ಎಂದರು. ಶಿವಯ್ಯ ರೆಕಾರ್ಡು ಹಾಕಿದರು. ಗೌಡರು ಮೊದಲು ಬಲಗಡೆಯದರ ಮುಂದೆ, ಆಮೇಲೆ ಎಡಗಡೆಯದರ ಮುಂದೆ ಬಗ್ಗಿ ಕೇಳಿದರು.

“ಅಪ್ಪ ಇದ್ದಾಗ ಹೀಗೇ ಕೇಳ್ತಿತ್ತು ಮಾರಾಯ. ಬಲಗಡೆದು ಭಾರಿ ಲಾಯ್ಕಾಗಿದೆ. ಎಡಗಡೆದು ಯಾಕೋ ಮಂಕು. ಮೇಲಿಂದು ಸತ್ತಿದೆ ಅಲ್ವಾ? ಅದನ್ನ ನಾನು ಮುಟ್ಟಿಲ್ಲಪ್ಪ. ನಾನು ಬರೀ ದೊಡ್ಡದಕ್ಕೆ ಹೊಡೆದದ್ದು.”

“ನೀವಲ್ಲ, ಗೌಡ್ರೆ.”

“ಮತ್ತೆ ಯಾರು?”

“ನಾನು.”

ಗೌಡರು ನಗಲು ಹೊರಟವರು ಶಿವಯ್ಯನವರ ಮುಖ ನೋಡಿ ನಿಲ್ಲಿಸಿದರು. “ಹೋಗ್ಲಿ ಬಿಡು, ಒಂದು ಕಡೆ ಇದೆಯಲ್ಲ,” ಎಂದರು. “ಬಲಗಡೆಯಲ್ಲಿ ಉಸಿರು ತಗೊಳ್ಳೋದೂ ಕೇಳುತ್ತೆ, ನೋಡು.”

“ಕೇಳುತ್ತಾ?” ಎಂದರು ಶಿವಯ್ಯ.

ಮುಂದಿನ ವಾರ ಅವರು ಚಿಕ್ಕಮಗಳೂರಿಗೆ ಹೋಗಿ ಕಿವಿ ತೋರಿಸಿಕೊಂಡರು. ಡಾಕ್ಟರು ಕೊಟ್ಟ ಕಾಗದದಲ್ಲಿ ಕಿವಿಗೊಂದರಂತೆ ಎರಡು ಗೆರೆಗಳಿದ್ದವು. ಎರಡೂ ಅರ್ಧದವರೆಗೆ ನೆಟ್ಟಗೆ ಹೋಗಿ, ಆಮೇಲೆ ಕಡಿದಾಗಿ ಕೆಳಗೆ ಬಿದ್ದಿದ್ದವು. ಎಡ, ಬಲ ಎರಡೂ ಒಂದೇ ಸಮ.

“ಯಂತ್ರದ ಹತ್ತಿರ ಕೆಲಸ ಮಾಡಿದ್ರಾ?”

“ಹಲ್ಲರಿನಲ್ಲಿ, ಇಪ್ಪತ್ತೊಂದು ವರ್ಷ.”

“ಕಿವಿಗೆ ಹತ್ತಿ ಇಟ್ಕೊಳ್ಳಲಿಲ್ವಾ?”

“ಹತ್ತಿ ಇಟ್ಕೊಂಡ್ರೆ ಬೆಲ್ಟು ಜಾರೋದು ಗೊತ್ತಾಗಲ್ಲ, ಸರ್.”

ಮಾತು ಕೇಳಲು ಮಷೀನು ಇಟ್ಟುಕೊಳ್ಳಬಹುದು, ಆ ಮೇಲಿನ ಕೀರಲು ಸದ್ದುಗಳು ಮಾತ್ರ ವಾಪಸು ಬರುವುದಿಲ್ಲ ಎಂದರು ಡಾಕ್ಟರು. ಶಿವಯ್ಯ ತಲೆಯಾಡಿಸಿದರು. ಮಧ್ಯಾಹ್ನದ ಬಸ್ಸಿಗೆ ಕಳಸಕ್ಕೆ ಹಿಂತಿರುಗಿದರು.

ಮಾರ್ಚ್ 28ರಂದು ಕಿಟಕಿಯ ಗಾಜಿನಿಂದ ಪತ್ರಿಕೆಯ ತುಂಡನ್ನು ಕೆರೆದು ತೆಗೆದರು. ಎದುರಿನ ಹೋಟೆಲಿನವರನ್ನೂ ಪಕ್ಕದ ಮನೆಯ ತಿಮ್ಮಮ್ಮನವರನ್ನೂ ಕಳಸದ ಅಂಚೆಯವರನ್ನೂ ಕೇಳಿದರು. ಮೂವರೂ ಜೀರುಂಡೆ ಕೂಗುತ್ತಿದೆ ಎಂದರು. ಆಮೇಲೆ ಅಂಚೆಕಾರ್ಡು ತೆಗೆದುಕೊಂಡು ಪತ್ರಿಕೆಗೆ ಬರೆದರು: ಎರಡು ವರ್ಷಗಳ ಹಿಂದೆ ನಾನು ಬರೆದದ್ದು ತಪ್ಪು, ಕಳಸದಲ್ಲಿ ಜೀರುಂಡೆಗಳು ಇವೆ, ಆಗಲೂ ಇದ್ದವು, ದಯವಿಟ್ಟು ಪ್ರಕಟಿಸಬೇಕು.

ಪತ್ರಿಕೆ ಅದನ್ನು ಪ್ರಕಟಿಸಲಿಲ್ಲ.